ಕಂತು ಮೊದಲು, ವ್ಯಾಪಾರ ಆಮೇಲೆ

ಸಣ್ಣ ಸಾಲದ ಇತಿಹಾಸದಲ್ಲಿ ಕೋಲಾರದ ಹೆಸರು ಎರಡು ಸಲ ಬರುತ್ತದೆ. ಮೊದಲನೆಯ ಸಲ 1991ರ ಡಿಸೆಂಬರಿನಲ್ಲಿ. ಬಂಗಾರಪೇಟೆಯ ವೈಶ್ಯ ಬ್ಯಾಂಕ್ ಶಾಖೆ ಹಳ್ಳಿಯ ಒಂದು ಮಹಿಳಾ ಸಂಘಕ್ಕೆ ಸಾಲ ಕೊಟ್ಟಿತು. ಪಹಣಿ ಕೇಳಲಿಲ್ಲ, ಒಡವೆ ಕೇಳಲಿಲ್ಲ. ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ದೊಡ್ಡ ಯೋಜನೆಯಲ್ಲಿ ದೇಶದಲ್ಲೇ ಮೊದಲ ಸಾಲ ಅದು. ಎರಡನೆಯ ಸಲ 2009ರಲ್ಲಿ. ಕೋಲಾರ ಪಟ್ಟಣದಲ್ಲಿ ಮೈಕ್ರೋ ಫೈನಾನ್ಸ್ ಕಂಪನಿಗಳಿಂದ ಸಾಲ ಪಡೆದಿದ್ದ ಸಾವಿರಾರು ಹೆಣ್ಣುಮಕ್ಕಳು ಕಂತು ಕಟ್ಟುವುದನ್ನೇ ನಿಲ್ಲಿಸಿಬಿಟ್ಟರು. ಇಡೀ ದೇಶ ಮಾತಾಡಿದ ಆಂಧ್ರದ ಬಿಕ್ಕಟ್ಟು ಬಂದದ್ದು ಅದರ ಮುಂದಿನ ವರ್ಷ.

ಈ ಎರಡರ ನಡುವೆ ಇರುವುದು 18 ವರ್ಷ ಅಷ್ಟೇ. ಅಷ್ಟರಲ್ಲಿ ಏನಾಯಿತು? ಬಡವರು ಬದಲಾದರಾ? ಇಲ್ಲ. ಸಾಲ ಕೊಡುವ ರೀತಿ ಬದಲಾಯಿತು. 2025ರಲ್ಲಿ ರಾಜ್ಯ ಸರ್ಕಾರ ಕಿರು ಸಾಲದ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಾಗ ಮಾತೆಲ್ಲ ವಸೂಲಾತಿಯ ಸುತ್ತಲೇ ತಿರುಗಿತು. ಮನೆಗೆ ಬೀಗ ಹಾಕಿದವರು ಯಾರು, ಬಾಗಿಲ ಮೇಲೆ ಬರೆದವರು ಯಾರು, ಊರು ಬಿಟ್ಟವರು ಎಷ್ಟು ಜನ. ಅದು ಮಾತಾಡಬೇಕಾದ ವಿಷಯವೇ. ಆದರೆ ಅದರ ಗದ್ದಲದಲ್ಲಿ ಹಳೆಯ ಪ್ರಶ್ನೆಯೊಂದು ಮರೆತುಹೋಯಿತು. ಬ್ಯಾಂಕಿನ ಮೆಟ್ಟಿಲು ಹತ್ತಲಾಗದವರು ಒಂದು ಸಣ್ಣ ವ್ಯಾಪಾರ ಶುರು ಮಾಡಲಿ ಅಂತ ತಾನೆ ಈ ಸಾಲ ಹುಟ್ಟಿದ್ದು? ಆ ಕೆಲಸ ಆಗಿದೆಯಾ?

ಸ್ವಲ್ಪ ಆಗಿದೆ. ಆದರೆ ಯಾರಿಗೆ ಆಗಬೇಕಿತ್ತೋ ಅವರಿಗಲ್ಲ. ಈಗಾಗಲೇ ಗಾಡಿಯೋ ಅಂಗಡಿಯೋ ಇದ್ದವರಿಗೆ ಈ ಸಾಲ ಚೆನ್ನಾಗಿ ಒದಗಿದೆ. ಏನೂ ಇಲ್ಲದೆ ಶುರು ಮಾಡುವವರಿಗೆ ಒದಗಿದ್ದು ಕಡಿಮೆ. ಬಡ್ಡಿ ಇದಕ್ಕೆ ಒಂದು ಕಾರಣ ಮಾತ್ರ. ಅದಕ್ಕಿಂತ ದೊಡ್ಡ ಕಾರಣ ಕಂತು ಯಾವಾಗ ಶುರುವಾಗುತ್ತದೆ ಅನ್ನುವುದು.

ಮೊದಲು ಉಳಿತಾಯ ಇತ್ತು

ಸಣ್ಣ ಸಾಲ ಅಂದ ತಕ್ಷಣ ಬಾಂಗ್ಲಾದೇಶದ ಮುಹಮ್ಮದ್ ಯೂನುಸ್, ಗ್ರಾಮೀಣ ಬ್ಯಾಂಕ್, 2006ರ ನೊಬೆಲ್ ಪ್ರಶಸ್ತಿ ನೆನಪಾಗುತ್ತವೆ. ಅದು ದೊಡ್ಡ ಕಥೆ, ಎಲ್ಲರಿಗೂ ಗೊತ್ತು. ನಮ್ಮ ಕಡೆ ನಡೆದದ್ದು ಅದಲ್ಲ ಅನ್ನುವುದು ಮಾತ್ರ ಅಷ್ಟಾಗಿ ಗೊತ್ತಿಲ್ಲ.

ಕರ್ನಾಟಕದಲ್ಲಿ ಈ ಕೆಲಸ ಶುರು ಮಾಡಿದ್ದು ಬೆಂಗಳೂರಿನ ಮೈರಾಡ ಸಂಸ್ಥೆ. ಅಲೋಷಿಯಸ್ ಫರ್ನಾಂಡಿಸ್ ಅದನ್ನು ಬಹಳ ಕಾಲ ನಡೆಸಿದರು. 1984-85ರ ಹೊತ್ತಿಗೆ ಅವರು ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ಒಡೆಯತೊಡಗಿದವು. ಊರಿನ ಬಲಾಢ್ಯರು ಅವನ್ನು ಹಿಡಿದುಕೊಂಡಿದ್ದರು. ಬಡವರು ಬೇಸತ್ತು ತಮ್ಮ ತಮ್ಮಲ್ಲೇ ಸಣ್ಣ ಗುಂಪು ಮಾಡಿಕೊಂಡರು. ಹದಿನೈದು ಇಪ್ಪತ್ತು ಜನ, ಒಬ್ಬರನ್ನೊಬ್ಬರು ನಂಬುವವರು. ವಾರಕ್ಕೆ ಐದೋ ಹತ್ತೋ ರೂಪಾಯಿ ಕೂಡಿಸುವುದು, ಅದರಲ್ಲೇ ಯಾರಿಗೆ ತುರ್ತೋ ಅವರಿಗೆ ಕೊಡುವುದು. ಬಡ್ಡಿ ಎಷ್ಟು, ಎಷ್ಟು ತಿಂಗಳಲ್ಲಿ ವಾಪಸ್, ತಪ್ಪಿದರೆ ದಂಡ ಏನು ಅನ್ನುವುದನ್ನು ಅವರೇ ಕೂತು ತೀರ್ಮಾನ ಮಾಡುತ್ತಿದ್ದರು. 1987ರಲ್ಲಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ಅದೇ ಮಾದರಿಯನ್ನು ದೇಶದಾದ್ಯಂತ ಬ್ಯಾಂಕುಗಳಿಗೆ ಹಬ್ಬಿಸಲು ಶುರು ಮಾಡಿತು. ಇವತ್ತು ದೇಶದಲ್ಲಿ ಇಂಥ ಸಂಘಗಳು ಒಂದು ಕೋಟಿಗೂ ಜಾಸ್ತಿ. ನಮ್ಮ ರಾಜ್ಯದ ಸ್ತ್ರೀಶಕ್ತಿ ಗುಂಪುಗಳು 2000ನೇ ಇಸವಿಯಿಂದ ಶುರುವಾದವು. ಅವೂ ಇದೇ ಬಳ್ಳಿಯ ಕಾಯಿ.

ಇಲ್ಲಿ ಗಮನಿಸಬೇಕಾದ್ದು ಕ್ರಮ. ಮೊದಲು ಉಳಿತಾಯ, ಆಮೇಲೆ ಒಳಗೊಳಗೇ ಸಣ್ಣ ಸಾಲ, ಆರು ತಿಂಗಳಾದರೂ ಪುಸ್ತಕ ಸರಿಯಾಗಿ ನಡೆದ ಮೇಲೆ ಬ್ಯಾಂಕ್ ಸಾಲ. ಬ್ಯಾಂಕ್ ದುಡ್ಡು ಬರುವ ಹೊತ್ತಿಗೆ ಯಾರು ಕಟ್ಟುತ್ತಾರೆ, ಯಾರಿಗೆ ಕಷ್ಟ, ಯಾರ ಗಂಡ ದುಡ್ಡು ಕಿತ್ತುಕೊಳ್ಳುತ್ತಾನೆ ಎಲ್ಲ ಗುಂಪಿಗೆ ಗೊತ್ತಿರುತ್ತಿತ್ತು. ನಿಧಾನದ ದಾರಿ. ಆ ನಿಧಾನವೇ ಅದರ ಬಲ.

2000ದ ಈಚೆಗೆ ಬಂದ ಮೈಕ್ರೋ ಫೈನಾನ್ಸ್ ಕಂಪನಿಗಳಿಗೆ ಆ ನಿಧಾನ ಹಿಡಿಸಲಿಲ್ಲ. ಅವರು ಉಳಿತಾಯದ ಭಾಗವನ್ನು ಬಿಟ್ಟು ಗುಂಪಿನ ಹೊಣೆಯನ್ನು ಮಾತ್ರ ಇಟ್ಟುಕೊಂಡರು. ಐದೋ ಹತ್ತೋ ಹೆಂಗಸರು, ಆಧಾರ್ ಕಾರ್ಡ್, ಫೋಟೋ, ಒಂದು ತರಬೇತಿ, ಕೆಲವೇ ದಿನದಲ್ಲಿ ದುಡ್ಡು. ಮುಂದಿನ ವಾರದಿಂದಲೋ ತಿಂಗಳಿಂದಲೋ ಕಂತು. ನ್ಯಾಯವಾಗಿ ಹೇಳಬೇಕಾದರೆ, ಬ್ಯಾಂಕಿನ ಗುಮಾಸ್ತರು ಎರಡು ತಿಂಗಳು ಅಲೆಸುವ ಕೆಲಸವನ್ನು ಇವರು ಮನೆ ಬಾಗಿಲಿಗೆ ಬಂದು ಎರಡೇ ವಾರದಲ್ಲಿ ಮುಗಿಸುತ್ತಾರೆ. ಜನ ಇವರ ಹತ್ತಿರ ಹೋಗುವುದು ಸುಮ್ನೆ ಅಲ್ಲ.

ಒಂದು ಹಸುವಿನ ಲೆಕ್ಕ

ಬಡ್ಡಿಯ ವಿಷಯ ಮೊದಲು ಮುಗಿಸೋಣ. ಕಂಪನಿಗಳ ಬಡ್ಡಿ ಸಾಮಾನ್ಯವಾಗಿ ವರ್ಷಕ್ಕೆ ಶೇ 20ರ ಮೇಲೆ ಇರುತ್ತದೆ. ಕಾರಿನ ಸಾಲ ಶೇ 9ಕ್ಕೆ ಸಿಗುವಾಗ ಇಡ್ಲಿ ಗಾಡಿಯ ಸಾಲಕ್ಕೆ ಇಷ್ಟು ಬಡ್ಡಿ ಯಾಕೆ ಅಂತ ಸಿಟ್ಟು ಬರುತ್ತದೆ. ಬರಬೇಕು ಕೂಡ. ಆದರೆ ಊರಿನಲ್ಲಿ ಹೋಲಿಕೆ ನಡೆಯುವುದು ಕಾರಿನ ಸಾಲದ ಜೊತೆ ಅಲ್ಲ, ಕೈಸಾಲದ ಜೊತೆ. ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿ ಅಂದರೆ 50,000ಕ್ಕೆ ತಿಂಗಳಿಗೆ 2,500. ಅದು ಬರೀ ಬಡ್ಡಿ, ಅಸಲು ಹಾಗೇ ನಿಂತಿರುತ್ತದೆ. ಅದೇ 50,000ವನ್ನು ಕಂಪನಿಯಿಂದ ಶೇ 24ರ ಇಳಿಕೆ ಬಡ್ಡಿಗೆ, ಅಂದರೆ ಉಳಿದ ಅಸಲಿನ ಮೇಲೆ ಮಾತ್ರ ಹಾಕುವ ಬಡ್ಡಿಗೆ, ತೆಗೆದುಕೊಂಡರೆ ತಿಂಗಳ ಕಂತು ಸುಮಾರು 2,640. ಎರಡು ವರ್ಷಕ್ಕೆ ಅಸಲೂ ತೀರುತ್ತದೆ. ತಿಂಗಳಿಗೆ ಕೈಬಿಡುವ ದುಡ್ಡು ಹೆಚ್ಚು ಕಡಿಮೆ ಒಂದೇ, ಆದರೆ ಒಂದು ಸಾಲ ಮುಗಿಯುತ್ತದೆ, ಇನ್ನೊಂದು ಮುಗಿಯುವುದೇ ಇಲ್ಲ. ಮಾರುಕಟ್ಟೆಗಳಲ್ಲಿ ಬೆಳಿಗ್ಗೆ 900 ಕೊಟ್ಟು ಸಂಜೆ 1,000 ವಸೂಲು ಮಾಡುವ ದಿನದ ಬಡ್ಡಿಯವರನ್ನು ನೆನೆಸಿಕೊಂಡರೆ ಕಂಪನಿಯ ಬಡ್ಡಿ ಏನೂ ಅಲ್ಲ ಅನ್ನಿಸುತ್ತದೆ.

ಹಾಗಾದರೆ ತೊಂದರೆ ಎಲ್ಲಿ? ಒಂದು ಹಸುವಿನ ಲೆಕ್ಕ ಹಾಕಿ ನೋಡಿ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸಾಲ ಕೇಳುವ ಹೆಂಗಸಿಗೆ ಯಾಕೆ ಅಂತ ಕೇಳಿದರೆ ಮೊದಲು ಬರುವ ಉತ್ತರ ಹಸು. ಊರೂರಿಗೆ ಡೇರಿ ಇದೆ, ಹಾಲು ಹಾಕಿದರೆ ಬಟವಾಡೆ ತಪ್ಪುವುದಿಲ್ಲ. 70,000ದ ಒಂದು ಸೀಮೆಹಸು ಅಂದುಕೊಳ್ಳಿ. 50,000 ಸಾಲ, 20,000ಕ್ಕೆ ಕಿವಿಯೋಲೆ ಗಿರವಿ. ದಿನಕ್ಕೆ ಸರಾಸರಿ 10 ಲೀಟರ್ ಹಾಲು, ಲೀಟರಿಗೆ 35 ರೂಪಾಯಿ ಹಿಡಿದರೆ ತಿಂಗಳಿಗೆ 10,500. ಬೂಸಾ, ಹಿಂಡಿ, ಮೇವು, ಡಾಕ್ಟರ್ ಅಂತ 6,000 ತೆಗೆಯಿರಿ. ಉಳಿದ 4,500ರಲ್ಲಿ ಕಂತು 2,640. ಕೈಗೆ ಸಿಗುವುದು 1,860.

ಪರವಾಗಿಲ್ಲ ಅನ್ನಿಸುತ್ತದೆ ಅಲ್ವಾ? ಆದರೆ ಹಸು ವರ್ಷಪೂರ್ತಿ ಹಾಲು ಕೊಡುವುದಿಲ್ಲ. ಮುಂದಿನ ಕರುವಿಗೆ ಮುಂಚೆ ಎರಡು ತಿಂಗಳಾದರೂ ಹಾಲು ಬತ್ತುತ್ತದೆ. ಆ ಎರಡು ತಿಂಗಳೂ ಕಂತು ಇದೆ, ಮೇವಿಗೂ ತಿಂಗಳಿಗೆ 3,000 ಬೇಕು. ಹತ್ತು ತಿಂಗಳು ಉಳಿಸಿದ 18,600ರಲ್ಲಿ 11,280 ಅಲ್ಲಿಗೇ ಹೋಯಿತು. ವರ್ಷಕ್ಕೆ ಉಳಿದದ್ದು ಸುಮಾರು 7,300. ದಿನಕ್ಕೆ 20 ರೂಪಾಯಿ. ಇದರಲ್ಲಿ ಗಿರವಿ ಓಲೆಯ ಬಡ್ಡಿ ಸೇರಿಲ್ಲ. ಸೆಗಣಿ ಬಾಚಿದ, ಮೇವು ಹೊತ್ತ ಕೂಲಿಯೂ ಸೇರಿಲ್ಲ. ಕೆಚ್ಚಲು ಬಾವು ಬಂದರೆ ಲೆಕ್ಕವೇ ಉಲ್ಟಾ.

ಎರಡು ವರ್ಷ ದಾಟಿದರೆ ಹಸು ಅವಳದು, ಒಂದೆರಡು ಕರುವೂ ಅವಳದು. ಆದ್ದರಿಂದ ಇದು ನಷ್ಟದ ವ್ಯಾಪಾರ ಅಲ್ಲ. ದಾಟುವ ತನಕ ಕೈ ಹಿಡಿಯಲು ಬೇರೆ ಸಂಪಾದನೆ ಇರಬೇಕು, ಅಷ್ಟೇ. ಗಂಡನ ಗಾರೆ ಕೆಲಸ, ಮಗನ ನರಸಾಪುರದ ಫ್ಯಾಕ್ಟರಿ ಸಂಬಳ, 2023ರಿಂದ ಬರುತ್ತಿರುವ ಗೃಹಲಕ್ಷ್ಮಿಯ 2,000, ಇಂಥದ್ದು ಏನಾದರೂ. ಅಂಥ ಸಂಪಾದನೆ ಇರುವ ಮನೆ ಹಸುವಿನ ಸಾಲ ದಾಟುತ್ತದೆ. ಇಲ್ಲದ ಮನೆ ಬತ್ತಿದ ಎರಡು ತಿಂಗಳ ಕಂತಿಗೆ ಇನ್ನೊಂದು ಕಂಪನಿಯ ಸಾಲ ತೆಗೆಯುತ್ತದೆ. ಸಾಲದ ಮೇಲೆ ಸಾಲ ಬೀಳುವುದು ಹೀಗೆ. ದುರಾಸೆಯಿಂದಲೋ ಮದುವೆ ಖರ್ಚಿನಿಂದಲೋ ಮಾತ್ರ ಅಲ್ಲ. ಹಸು ಬತ್ತಿದ್ದರಿಂದಲೂ ಆಗುತ್ತದೆ.

ಇದೇ ಲೆಕ್ಕವನ್ನು ಈ ಎರಡು ಜಿಲ್ಲೆಗಳ ಬೇರೆ ಬದುಕುಗಳ ಮೇಲೆ ಇಟ್ಟು ನೋಡಬಹುದು. ಕೋಲಾರದ ಎಪಿಎಂಸಿಯಲ್ಲಿ ಬೆಳಿಗ್ಗೆ ಎರಡು ಬಾಕ್ಸ್ ಟೊಮೆಟೊ ಹಿಡಿದು ಸಂಜೆಯೊಳಗೆ ತಳ್ಳುಗಾಡಿಯಲ್ಲಿ ಮಾರುವವಳಿಗೆ ದುಡ್ಡು ದಿನಕ್ಕೊಂದು ಸುತ್ತು ತಿರುಗುತ್ತದೆ. ವಾರದ ಕಂತು ಅವಳಿಗೆ ಭಾರವಲ್ಲ. ಅದೇ ಟೊಮೆಟೊವನ್ನು ಗುತ್ತಿಗೆ ಜಮೀನಿನಲ್ಲಿ ಬೆಳೆಯುವವಳಿಗೆ ನಾಟಿಯಿಂದ ಮೊದಲ ಕೊಯ್ಲಿಗೆ ಎರಡು ತಿಂಗಳ ಮೇಲೆ ಬೇಕು. ಸಸಿ, ಕಡ್ಡಿ, ತಂತಿ, ಔಷಧಿ ಎಲ್ಲಕ್ಕೂ ಮೊದಲೇ ಖರ್ಚು. ಕಂತು ಬರುವ ಹೊತ್ತಿಗೆ ಗಿಡದಲ್ಲಿ ಹೂವು ಮಾತ್ರ. ಕಾಯಿ ಬಂದ ಮೇಲಾದರೂ ಬೆಲೆ ಹೇಳುವವರಿಲ್ಲ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ದಾಟಿತ್ತು. ಬೇರೆ ಕಾಲದಲ್ಲಿ ಕಿತ್ತ ಕೂಲಿ ಹುಟ್ಟದೆ ರಸ್ತೆಗೆ ಸುರಿದದ್ದನ್ನೂ ನೋಡಿದ್ದೇವೆ. ಹಾಗಾಗಿಯೇ ಬೆಳೆಗಾರರು ಮಂಡಿಯವರ ಮುಂಗಡಕ್ಕೆ ಕೈಯೊಡ್ಡುತ್ತಾರೆ. ಮಂಡಿಯವರು ಕೊಯ್ಲಿನ ತನಕ ಕಾಯುತ್ತಾರೆ. ಅದಕ್ಕೆ ಬದಲಾಗಿ ಮಾಲು ಅವರ ಮಂಡಿಗೇ ಬರಬೇಕು. ಶ್ರೀನಿವಾಸಪುರದ ಮಾವಿಗಂತೂ ವರ್ಷಕ್ಕೆ ಒಂದೇ ಸಂಪಾದನೆ, ತಿಂಗಳ ಕಂತಿನ ಮಾತೇ ಇಲ್ಲ.

ರೇಷ್ಮೆಯದು ಇನ್ನೂ ವಿಚಿತ್ರ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ, ಗೂಡು ಕೊಂಡು ನೂಲು ತೆಗೆಯುವ ರೀಲರ್ ಗೂಡಿಗೆ ಆಗಲೇ ದುಡ್ಡು ಕಟ್ಟಬೇಕು. ತೆಗೆದ ನೂಲು ಮಾತ್ರ ಎಷ್ಟೋ ಸಲ ಉದ್ದರಿಗೆ ಹೋಗುತ್ತದೆ. ಸಣ್ಣ ರೀಲರ್‌ಗೆ ಬೇಕಾದ್ದು ಆ ನಡುವಿನ ಕೆಲವು ವಾರ ದಾಟಿಸುವ ದುಡ್ಡು. ಅವನಿಗೆ ಸಣ್ಣ ಸಾಲ ನಿಜವಾಗಿ ಸಹಾಯ ಮಾಡುತ್ತದೆ. ರೀಲಿಂಗ್ ಘಟಕದಲ್ಲಿ ಬಿಸಿನೀರಿನ ಬಾಣಲೆ ಮುಂದೆ ಕೂರುವ ಕೂಲಿ ಹೆಂಗಸಿಗೆ? ಅವಳು ಘಟಕ ತೆರೆಯುವುದಿಲ್ಲ. ಆದರೆ ಮಾಲೀಕನ ಹತ್ತಿರ ತೆಗೆದ ಮುಂಗಡ ತೀರಿಸಲು ಈ ಸಾಲ ಬಳಸಬಹುದು. ಮುಂಗಡ ತೀರಿದರೆ ಜಾಸ್ತಿ ಕೂಲಿ ಕೊಡುವ ಕಡೆ ಹೋಗುವ ಸ್ವಾತಂತ್ರ್ಯ ಸಿಗುತ್ತದೆ. ಇದು ಯಾವ ಅರ್ಜಿಯಲ್ಲೂ 'ಉದ್ಯಮ' ಅಂತ ಬರೆಯಿಸಿಕೊಳ್ಳುವುದಿಲ್ಲ. ಅರ್ಜಿಯಲ್ಲಿ ಬರೆಯುವುದು 'ಹೈನುಗಾರಿಕೆ' ಅಥವಾ 'ಟೈಲರಿಂಗ್'. ಕಂಪನಿಯವರಿಗೂ ಗೊತ್ತು, ಸಾಲ ತೆಗೆಯುವವಳಿಗೂ ಗೊತ್ತು. ನನ್ನ ಮಟ್ಟಿಗೆ ಅವಳು ಹೇಳುವ ಆ ಸಣ್ಣ ಸುಳ್ಳಿನಲ್ಲಿ ತಪ್ಪಿಲ್ಲ. ಸುಳ್ಳು ಹೇಳಿಸುವ ಫಾರಂ ಬದಲಾಗಬೇಕು.

ಹೈದರಾಬಾದ್, ಕೋಲ್ಕತ್ತ

ಇದು ನಮ್ಮ ಜಿಲ್ಲೆಯ ಅನುಭವ ಮಾತ್ರ ಅಲ್ಲ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತವರ ಜೊತೆಗಾರರು ಹೈದರಾಬಾದಿನ 104 ಬಡಾವಣೆಗಳಲ್ಲಿ ಅರ್ಧದಷ್ಟಕ್ಕೆ ಮೊದಲು ಮೈಕ್ರೋ ಫೈನಾನ್ಸ್ ಬರುವಂತೆ, ಉಳಿದವಕ್ಕೆ ತಡವಾಗಿ ಬರುವಂತೆ ಮಾಡಿ ಹೋಲಿಸಿ ನೋಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶ ಯಾರಿಗೂ ಪೂರ್ತಿ ಖುಷಿ ಕೊಡಲಿಲ್ಲ. ಮೊದಲೇ ವ್ಯಾಪಾರ ಇದ್ದವರು ಅದನ್ನು ದೊಡ್ಡದು ಮಾಡಿಕೊಂಡರು. ಅದರಲ್ಲೂ ಚೆನ್ನಾಗಿ ನಡೆಯುತ್ತಿದ್ದವರೇ ಲಾಭ ಕಂಡರು. ಹೊಸದಾಗಿ ಹುಟ್ಟಿದ ವ್ಯಾಪಾರಗಳು ಸಣ್ಣವು, ಸಂಪಾದನೆಯೂ ಅಷ್ಟಕ್ಕಷ್ಟೆ. ಮನೆಯ ಒಟ್ಟು ಖರ್ಚು, ಮಕ್ಕಳ ಓದು, ಮನೆಯಲ್ಲಿ ಹೆಂಗಸಿನ ಮಾತಿನ ತೂಕ, ಯಾವುದೂ ಗಮನಿಸುವಷ್ಟು ಬದಲಾಗಲಿಲ್ಲ. ಅದೇ ವರ್ಷ ಬೋಸ್ನಿಯಾ, ಇಥಿಯೋಪಿಯಾ, ಮೆಕ್ಸಿಕೊ, ಮಂಗೋಲಿಯಾ, ಮೊರಾಕೊಗಳ ಅಧ್ಯಯನಗಳೂ ಬಂದವು. ಅವುಗಳ ಮಾತೂ ಹೆಚ್ಚು ಕಡಿಮೆ ಇದೇ. ಪವಾಡವೂ ಇಲ್ಲ, ಅನಾಹುತವೂ ಇಲ್ಲ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಕೋಲ್ಕತ್ತದ ಒಂದು ಪ್ರಯೋಗ. ಅದು 2013ರಲ್ಲಿ ಪ್ರಕಟವಾಯಿತು. ಸಾಲ ಕೊಟ್ಟ ಎರಡು ವಾರಕ್ಕೇ ಕಂತು ಶುರು ಮಾಡುವುದರ ಬದಲು ಕೆಲವರಿಗೆ ಎರಡು ತಿಂಗಳು ಬಿಡುವು ಕೊಟ್ಟರು. ಬಿಡುವು ಸಿಕ್ಕವರು ಹೊಲಿಗೆ ಮಿಷನ್ನಂಥ ತಡವಾಗಿ ಫಲ ಕೊಡುವ ವಸ್ತುಗಳಿಗೆ ಜಾಸ್ತಿ ದುಡ್ಡು ಹಾಕಿದರು. ಮೂರು ವರ್ಷದ ಹೊತ್ತಿಗೆ ಅವರ ಲಾಭ ಸುಮಾರು ಶೇ 40ರಷ್ಟು ಜಾಸ್ತಿ ಇತ್ತು. ಆದರೆ ಕಂತು ತಪ್ಪಿಸಿದವರೂ ಅವರಲ್ಲೇ ಜಾಸ್ತಿ. ಕಂಪನಿಗಳು ಬಿಡುವು ಕೊಡದಿರುವುದಕ್ಕೆ ಕಾರಣ ಇಲ್ಲೇ ಇದೆ. ಮುಂದಿನ ವಾರವೇ ಕಂತು ಅಂದರೆ ಜನ ಧೈರ್ಯದ ಕೆಲಸಕ್ಕೆ ಕೈ ಹಾಕುವುದಿಲ್ಲ, ಕಂಪನಿಗೆ ದುಡ್ಡು ಸುರಕ್ಷಿತ. ಸಾಲ ಕೊಡುವವರಿಗೆ ಒಳ್ಳೆಯದಾದ ನಿಯಮವೇ ಹೊಸ ವ್ಯಾಪಾರಕ್ಕೆ ಕೆಟ್ಟದ್ದು.

ಗುಂಪಿನ ಹೊರಗೆ ನಿಂತವರು

ಗುಂಪು ಅಂದರೆ ಒಬ್ಬರಿಗೊಬ್ಬರು ಹೊಣೆ. ಮಂಗಳವಾರದ ಮೀಟಿಂಗಿನಲ್ಲಿ ಒಬ್ಬಳ ಕಂತು ಬರದಿದ್ದರೆ ವಸೂಲಿಗೆ ಬಂದ ಹುಡುಗ ಎದ್ದು ಹೋಗುವುದಿಲ್ಲ. "ಅಕ್ಕಾ, ನಿಮ್ಮ ಗ್ರೂಪಲ್ಲಿ ಒಬ್ಬರದು ಬಾಕಿ ಇದೆ, ನೀವೇ ಅಡ್ಜಸ್ಟ್ ಮಾಡಿ ಕಟ್ಟಿಬಿಡಿ" ಅನ್ನುತ್ತಾನೆ. ಅವನಿಗೂ ಟಾರ್ಗೆಟ್ ಇದೆ, ಅವನದೂ ಸಣ್ಣ ಸಂಬಳ. ಗುಂಪಿನ ಉಳಿದ ಹೆಂಗಸರು ಮುಂದಿನ ಸಲ ಗುಂಪು ಕಟ್ಟುವಾಗ ಯಾರನ್ನು ಸೇರಿಸಿಕೊಳ್ಳುತ್ತಾರೆ? ಸ್ವಂತ ಮನೆ ಇರುವವಳನ್ನು, ಗಂಡನೋ ಮಗನೋ ದುಡಿಯುವವಳನ್ನು. ಬಿಡುವುದು ಬಾಡಿಗೆ ಮನೆಯವಳನ್ನು, ಗಂಡ ಬಿಟ್ಟವಳನ್ನು, ಕಾಯಿಲೆಯವಳನ್ನು, ಅರವತ್ತು ದಾಟಿದವಳನ್ನು. ಇದರಲ್ಲಿ ಕ್ರೌರ್ಯ ಇಲ್ಲ, ಬರೀ ಎಚ್ಚರ. ಬ್ಯಾಂಕ್ ಮ್ಯಾನೇಜರ್ ಮಾಡುತ್ತಿದ್ದ ಕೆಲಸವನ್ನೇ ಈಗ ಅಕ್ಕಪಕ್ಕದವರು ಮಾಡುತ್ತಾರೆ. ಜಾತಿಯೂ ಇದರೊಳಗೆ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಒಂದೇ ಬೀದಿಯವರು ಗುಂಪಾಗಬೇಕು ಅನ್ನುವ ನಿಯಮ ಇದ್ದಲ್ಲಿ, ಬೀದಿಗಳೇ ಜಾತಿಯ ಮೇಲೆ ಹಂಚಿಹೋಗಿರುವ ಊರಿನಲ್ಲಿ, ಗುಂಪು ಇನ್ನು ಹೇಗಿರುತ್ತದೆ?

ಕೆಜಿಎಫ್ ಇದಕ್ಕೆ ಬೇರೆಯದೇ ಉದಾಹರಣೆ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಎಷ್ಟೋ ಕುಟುಂಬಗಳು ಇವತ್ತಿಗೂ ಗಣಿ ಕಂಪನಿಯ ಲೈನ್ ಮನೆಗಳಲ್ಲೇ ಇವೆ. ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ಸಾಗುವ ದುಡಿಮೆ. ಮನೆ ತಮ್ಮ ಹೆಸರಿನಲ್ಲಿಲ್ಲ, ಆದ್ದರಿಂದ ಬ್ಯಾಂಕಿಗೆ ಇಡಲು ಆಸ್ತಿ ಇಲ್ಲ. ಊರಿನಲ್ಲೇ ಒಂದು ವ್ಯಾಪಾರ ಹಾಕೋಣ ಅಂದರೆ ಕೊಳ್ಳುವವರೂ ಕಡಿಮೆ, ಯಾಕೆಂದರೆ ಸಂಬಳ ಹುಟ್ಟುವ ಕಂಪನಿಯೇ ಹೋಯಿತು. ಅಂಥ ಕಡೆ ಹತ್ತು ಜನರಿಗೆ ಸಾಲ ಕೊಟ್ಟರೆ ಒಂದೇ ಬೀದಿಯಲ್ಲಿ ಹತ್ತು ಚಿಲ್ಲರೆ ಅಂಗಡಿ ಆಗುತ್ತವೆ. ಸಾಲ ವ್ಯಾಪಾರಿಯನ್ನು ಹುಟ್ಟಿಸಬಹುದು, ಗಿರಾಕಿಯನ್ನು ಹುಟ್ಟಿಸುವುದಿಲ್ಲ.

2009ರಿಂದ 2025ಕ್ಕೆ

2009ರ ಕೋಲಾರಕ್ಕೆ ಈಗ ಬರೋಣ. ಆಗ ರೇಷ್ಮೆ ಕೆಲಸ ಬಿದ್ದಿತ್ತು. ಒಂದು ಕಡೆ ಚೀನಾ ನೂಲಿನ ಪೈಪೋಟಿ, ಇನ್ನೊಂದು ಕಡೆ ಆರ್ಥಿಕ ಹಿಂಜರಿತ. ಅದೇ ಹೊತ್ತಿಗೆ ಒಂದೇ ಬೀದಿಗೆ ಹಲವು ಕಂಪನಿಗಳು ನುಗ್ಗಿ, ಒಬ್ಬಳಿಗೇ ಮೂರು ನಾಲ್ಕು ಸಾಲ ಕೊಟ್ಟಿದ್ದವು. ಯಾರಿಗೆ ಎಷ್ಟು ಸಾಲ ಇದೆ ಎಂದು ನೋಡುವ ವ್ಯವಸ್ಥೆ ಆಗ ಇರಲಿಲ್ಲ. ಕಂತು ತಪ್ಪತೊಡಗಿದವು, ಒತ್ತಡ ಹೆಚ್ಚಿತು. ಪಟ್ಟಣದ ಮುಸ್ಲಿಂ ಸಮುದಾಯದ ಅಂಜುಮನ್ ಸಮಿತಿ ಕಂತು ಕಟ್ಟಬೇಡಿ ಎಂದು ಹೇಳಿತು. ರಾಮನಗರದಂಥ ಬೇರೆ ರೇಷ್ಮೆ ಪಟ್ಟಣಗಳಿಗೂ ಅದು ಹರಡಿತು. ಹೆಣ್ಣುಮಕ್ಕಳು ಮೀಟಿಂಗಿಗೆ ಹೋಗುವುದು ಹಿರಿಯರಿಗೆ ಹಿಡಿಸಿರಲಿಲ್ಲ ಎಂಬ ಮಾತೂ ಇದೆ. ಆದರೆ ಬರೀ ಧರ್ಮದ ವಿಷಯ ಅಂತ ತಳ್ಳಿಹಾಕುವುದು ಸುಲಭದ ಓದು. ನೂಲು ಓಡುತ್ತಿದ್ದರೆ ಯಾರು ಹೇಳಿದರೂ ಜನ ಕಟ್ಟುತ್ತಿದ್ದರು, ಯಾಕೆಂದರೆ ಮುಂದಿನ ಸಾಲ ಅವರಿಗೆ ಬೇಕಿತ್ತು.

ಕೋಲಾರದ ಸೂಚನೆಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 2010ರ ಅಕ್ಟೋಬರಿನಲ್ಲಿ ಪಕ್ಕದ ಆಂಧ್ರ ಸುಗ್ರೀವಾಜ್ಞೆ ತಂದಿತು, ಅಲ್ಲಿ ಮರುಪಾವತಿ ಕುಸಿದುಬಿತ್ತು. ಇದನ್ನು ಪರಿಶೀಲಿಸಲು ಮಾಲೆಗಾಂ ಸಮಿತಿ ಕೂತಿತು, ರಿಸರ್ವ್ ಬ್ಯಾಂಕ್ 2011ರಲ್ಲಿ ಇಂಥ ಕಂಪನಿಗಳಿಗೆ ಪ್ರತ್ಯೇಕ ನಿಯಮ ಮಾಡಿತು. 2022ರ ಏಪ್ರಿಲ್‌ನಿಂದ ಹೊಸ ನಿಯಮ ಬಂತು. ವರ್ಷಕ್ಕೆ 3 ಲಕ್ಷದೊಳಗೆ ಆದಾಯ ಇರುವ ಕುಟುಂಬಕ್ಕೆ ಅಡಮಾನ ಇಲ್ಲದೆ ಕೊಡುವುದೆಲ್ಲ ಮೈಕ್ರೋ ಫೈನಾನ್ಸ್ ಸಾಲ. ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡಬಾರದು. ಬಂಧುಗಳನ್ನು ಕಾಡಬಾರದು, ಹೆಸರು ಬಯಲು ಮಾಡಬಾರದು. ಇದೆಲ್ಲದರ ಜೊತೆ, ಮೊದಲಿದ್ದ ಬಡ್ಡಿ ಮಿತಿಯನ್ನು ತೆಗೆದುಹಾಕಿದರು.

ಅರ್ಧ ಆದಾಯದ ನಿಯಮ ಕಾಗದದ ಮೇಲೆ ಚೆನ್ನಾಗಿದೆ. ಆದರೆ ಕೂಲಿ ಮನೆಯ ತಿಂಗಳ ಆದಾಯ ಎಷ್ಟು ಅಂತ ಬರೆಯುವವರು ಯಾರು? ಸಾಲ ಕೊಡಿಸಲು ಬಂದ ಹುಡುಗನೇ. ಆದಾಯ ಸ್ವಲ್ಪ ಜಾಸ್ತಿ ಬರೆದರೆ ಸಾಲವೂ ಆಯಿತು, ಟಾರ್ಗೆಟ್ಟೂ ಆಯಿತು. ಮೇಲಾಗಿ ಕೈಸಾಲ, ಚೀಟಿ, ಗಿರವಿ ಯಾವುದೂ ಸಾಲದ ದಾಖಲೆ ಇಡುವ ಸಿಬಿಲ್‌ನಲ್ಲಿ ಕಾಣುವುದಿಲ್ಲ. ಇನ್ನೊಬ್ಬರ ಹೆಸರಿನಲ್ಲಿ ಸಾಲ ತೆಗೆದು ಬೇರೆಯವರು ಬಳಸುವುದಂತೂ ಮಾಮೂಲು.

ಹೀಗೆ ಬಂದು 2025 ತಲುಪಿದೆವು. ಜನವರಿಯಲ್ಲಿ ಹಲವು ಜಿಲ್ಲೆಗಳಿಂದ ಕಿರುಕುಳದ, ಆತ್ಮಹತ್ಯೆಯ ಸುದ್ದಿಗಳು ಬಂದವು. ಸರ್ಕಾರ ಸುಗ್ರೀವಾಜ್ಞೆ ಕಳಿಸಿತು. ಸಾಲದ ಮಿತಿಯೇ 3 ಲಕ್ಷ ಇರುವಾಗ 5 ಲಕ್ಷ ದಂಡ, 10 ವರ್ಷ ಜೈಲು ಸರಿಯೇ ಎಂದು ಕೇಳಿ ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿದರು. ಫೆಬ್ರುವರಿ 12ರಂದು ಒಪ್ಪಿಗೆ ಸಿಕ್ಕಿತು, ಮಾರ್ಚಿನಲ್ಲಿ ವಿಧಾನಮಂಡಲ ಅದನ್ನು ಕಾಯ್ದೆ ಮಾಡಿತು. ನೋಂದಣಿ ಇಲ್ಲದೆ ಬಡವರಿಗೆ ಕೊಟ್ಟ ಸಾಲವನ್ನು ತೀರಿದ್ದೆಂದು ಪರಿಗಣಿಸುವ ಅವಕಾಶ ಅದರಲ್ಲಿದೆ. ಮೀಟರ್ ಬಡ್ಡಿಯವರ ಮೇಲೆ ಇದು ಒಳ್ಳೆಯ ಅಸ್ತ್ರ. ದೊಡ್ಡ ಕಂಪನಿಗಳ ಬಡ್ಡಿ ಮಾತ್ರ ರಾಜ್ಯದ ಕೈಯಲ್ಲಿಲ್ಲ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಹಣಕಾಸು ಕಂಪನಿಗಳಿಗೆ ರಾಜ್ಯಗಳ ಲೇವಾದೇವಿ ಕಾನೂನು ಅನ್ವಯಿಸುವುದಿಲ್ಲ ಎಂದು 2022ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕಂಪನಿಗಳ ಒಕ್ಕೂಟ ತಾನಾಗಿಯೇ ಒಬ್ಬರಿಗೆ ಮೂರಕ್ಕಿಂತ ಜಾಸ್ತಿ ಕಂಪನಿ ಸಾಲ ಕೊಡಬಾರದು, ಒಟ್ಟು 2 ಲಕ್ಷ ದಾಟಬಾರದು ಎಂದು ನಿಯಮ ಮಾಡಿಕೊಂಡಿದೆ. ಬೇಕಾಗಿತ್ತು. ಆದರೆ ಒಂದು ಸಾಲದಿಂದ ಇನ್ನೊಂದನ್ನು ತೀರಿಸುತ್ತಿದ್ದವಳಿಗೆ ನಲ್ಲಿ ಒಮ್ಮೆಗೇ ನಿಂತರೆ ಅವಳು ಹೋಗುವುದು ಮತ್ತೆ 10 ರೂಪಾಯಿ ಬಡ್ಡಿಯವನ ಹತ್ತಿರವೇ.

ಏನೂ ಇಲ್ಲದವರಿಗೆ ಏನು

ತೀರಾ ಬಡವರಿಗೆ ಮೊದಲ ಹೆಜ್ಜೆ ಸಾಲ ಆಗಿರಬಾರದು ಅನ್ನುವುದು ನನ್ನ ಅಭಿಪ್ರಾಯ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲೇ ಇದನ್ನು ಒಪ್ಪಿಕೊಂಡಿತು. ಸಣ್ಣ ಸಾಲದ ತವರಿನಲ್ಲೇ ಕುಳಿತು, ಕೆಲವರಿಗೆ ಸಾಲ ಕೊಡಬಾರದು, ಎರಡು ಕುರಿಯೋ ಒಂದು ಹಸುವೋ ಹಾಗೇ ಕೊಡಬೇಕು ಅಂದಿತು. ಜೊತೆಗೆ ಕೆಲವು ತಿಂಗಳು ಊಟದ ಖರ್ಚು, ತರಬೇತಿ, ವಾರಕ್ಕೊಮ್ಮೆ ಬಂದು ವಿಚಾರಿಸುವ ಒಬ್ಬರು. ಭಾರತವೂ ಸೇರಿ ಆರು ದೇಶಗಳಲ್ಲಿ ಇದನ್ನು ಪರೀಕ್ಷಿಸಿದರು. ಸಹಾಯ ನಿಂತು ಒಂದು ವರ್ಷ ಆದ ಮೇಲೂ ಆ ಮನೆಗಳ ಆದಾಯ, ಊಟ, ಆಸ್ತಿ ಮೊದಲಿಗಿಂತ ಚೆನ್ನಾಗಿದ್ದವು. ಒಂದು ಮನೆಗೆ ಇಷ್ಟು ಖರ್ಚು ಮಾಡಲು ಸರ್ಕಾರಕ್ಕೆ ಮನಸ್ಸು ಬೇಕು. ಆದರೆ ತೀರದ ಸಾಲವನ್ನು ಚುನಾವಣೆ ಬಂದಾಗ ಮನ್ನಾ ಮಾಡುವ ಖರ್ಚಿಗೆ ಹೋಲಿಸಿದರೆ ಇದು ದುಬಾರಿ ಅಂತ ನನಗೆ ಅನ್ನಿಸುವುದಿಲ್ಲ.

ಅರ್ಧ ದಾರಿಗೆ ಬಂದವರಿಗೆ ಈಗಾಗಲೇ ಕೆಲವು ಬಾಗಿಲುಗಳಿವೆ. ಬೀದಿ ಬದಿ ವ್ಯಾಪಾರಿಗಳ ಪಿಎಂ ಸ್ವನಿಧಿ 2020ರಲ್ಲಿ 10,000ದಿಂದ ಶುರುವಾಯಿತು. 2025ರಲ್ಲಿ ಮೊದಲ ಸಾಲವನ್ನು 15,000ಕ್ಕೆ ಏರಿಸಿದರು. ಸರಿಯಾಗಿ ಕಟ್ಟಿದರೆ ಆಮೇಲೆ 25,000, ಆಮೇಲೆ 50,000. ಬಡ್ಡಿಯಲ್ಲಿ ಶೇ 7 ಸರ್ಕಾರ ಕೊಡುತ್ತದೆ. ದಿನಕ್ಕೆ 900ಕ್ಕೆ 100 ಬಡ್ಡಿ ಕಟ್ಟುವ ಸೊಪ್ಪಿನವಳಿಗೆ ಇದು ಸಿಕ್ಕರೆ ತಿಂಗಳಿಗೆ 3,000ದ ತನಕ ಕೈಯಲ್ಲೇ ಉಳಿಯುತ್ತದೆ. ಯಾವ ತರಬೇತಿಯೂ ಇಲ್ಲದೆ, ವ್ಯಾಪಾರ ಒಂದು ಕಟ್ಟು ಸೊಪ್ಪೂ ಹೆಚ್ಚಾಗದೆ ಬರುವ ಲಾಭ ಇದು. ನಗರಸಭೆಯ ವ್ಯಾಪಾರಿ ಗುರುತಿನ ಚೀಟಿಯೋ ಶಿಫಾರಸು ಪತ್ರವೋ ಇದ್ದರೆ ಸಾಕು, ಗುಂಪು ಬೇಕಿಲ್ಲ. ರಾಜ್ಯದ ಉದ್ಯೋಗಿನಿ ಯೋಜನೆಯಲ್ಲಿ 3 ಲಕ್ಷದವರೆಗಿನ ಸಾಲಕ್ಕೆ ಪರಿಶಿಷ್ಟ ಜಾತಿ, ಪಂಗಡದ ಮಹಿಳೆಯರಿಗೆ ಅರ್ಧ ಸಹಾಯಧನ ಇದೆ. ಅಂದರೆ ಕಂತು ಕಟ್ಟಬೇಕಾದ ಭಾರವೇ ಅರ್ಧ. ಕೋಲಾರ-ಚಿಕ್ಕಬಳ್ಳಾಪುರ ಡಿಸಿಸಿ ಬ್ಯಾಂಕ್ ಸ್ತ್ರೀಶಕ್ತಿ ಸಂಘಗಳಿಗೆ ಬಡ್ಡಿ ಇಲ್ಲದ ಸಾಲ ಕೊಟ್ಟು ರಾಜ್ಯಕ್ಕೆಲ್ಲ ಹೆಸರಾಗಿತ್ತು. ಬಡ್ಡಿ ಸೊನ್ನೆ ಆದರೂ ಕಂತಿನ ಸಮಸ್ಯೆ ಅಲ್ಲೂ ಇದೆ ಅನ್ನುವುದನ್ನು ಮರೆಯಬಾರದು.

ಕಂತನ್ನು ಕಸುಬಿಗೆ ಹೊಂದಿಸುವುದು ಅಷ್ಟು ಕಷ್ಟದ ಕೆಲಸವೂ ಅಲ್ಲ. ಬೆಳೆ ಸಾಲದಲ್ಲಿ ಬ್ಯಾಂಕುಗಳು ಕೊಯ್ಲಿನ ತನಕ ಕಾಯುತ್ತವೆ, ಹೈನಿಗೆ ಹಾಗೆ ಯಾಕೆ ಆಗಬಾರದು? ಬಟವಾಡೆ ಬಂದಾಗ ಡೇರಿಯಲ್ಲೇ ಕಂತು ಮುರಿದುಕೊಂಡು, ಹಸು ಬತ್ತಿದ ತಿಂಗಳು ಕಂತನ್ನು ಮುಂದಕ್ಕೆ ಹಾಕುವ ಲೆಕ್ಕ ಹಳ್ಳಿಯ ಡೇರಿ ಕಾರ್ಯದರ್ಶಿಗೆ ಕೈಬೆರಳಿನಲ್ಲೇ ಬರುತ್ತದೆ. ಯಾವ ಹಸು ಯಾವಾಗ ಬತ್ತಿತು ಅನ್ನುವುದು ಅವರ ಪುಸ್ತಕದಲ್ಲೇ ಇರುತ್ತದೆ. ಹಳೆಯ ಸ್ವಸಹಾಯ ಸಂಘಗಳು ತಮ್ಮ ಉಳಿತಾಯದ ದುಡ್ಡಿನಲ್ಲಿ ಇದನ್ನೇ ಮಾಡುತ್ತಿದ್ದವು. ಮಳೆ ಹೋದ ವರ್ಷ ಕಂತು ಮುಂದೂಡಲು ಅವರಿಗೆ ಹೆಡ್ ಆಫೀಸಿನ ಅನುಮತಿ ಬೇಕಿರಲಿಲ್ಲ.

ಈಗಾಗಲೇ ಸಾಲ ತೆಗೆದವರು ಕೇಳಬಹುದಾದ ಕೆಲವು ವಿಷಯ. ಸಾಲದ ಕಾರ್ಡ್ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು, ಅದರಲ್ಲಿ ವರ್ಷದ ಒಟ್ಟು ಬಡ್ಡಿ ಮತ್ತು ಎಲ್ಲ ಶುಲ್ಕ ಬರೆದಿರಬೇಕು. ಅವಧಿಗೆ ಮೊದಲೇ ಸಾಲ ತೀರಿಸಿದರೆ ದಂಡ ಹಾಕುವಂತಿಲ್ಲ. ವಸೂಲಿಯನ್ನು ಒಪ್ಪಿಕೊಂಡ ಜಾಗದಲ್ಲೇ ಮಾಡಬೇಕು. ಎರಡು ಅಥವಾ ಹೆಚ್ಚು ಸಲ ಸತತವಾಗಿ ನೀವು ಅಲ್ಲಿಗೆ ಬರದಿದ್ದರೆ ಮಾತ್ರ ಮನೆಗೆ ಬರಬಹುದು. ಕಂಪನಿಗೆ ದೂರು ಕೊಟ್ಟು ತಿಂಗಳಾದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಸಹಾಯವಾಣಿ 14448. ಕಂಪನಿಯೇ ಅಲ್ಲದ, ಚೀಟಿ ಬರೆದು ದುಡ್ಡು ಕೊಡುವವರ ಕಾಟವಾದರೆ 2025ರ ಕಾಯ್ದೆಯ ಕೆಳಗೆ ಪೊಲೀಸ್ ಠಾಣೆಗೆ ಹೋಗಬಹುದು.